ಸುಮ್ಮನಿರುವ ಯಂತ್ರದ ಬಿಲ್ಲು ಯಾರ ತಲೆಗೆ?

(ಸರ್ವರ್ ಕೆಲಸದಲ್ಲಿರುವ ಯುವಕ ಯುವತಿಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ನಿಮ್ಮಲ್ಲಿ ಬಹಳ ಮಂದಿ ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವವರು. ಆದ್ದರಿಂದ ದೊಡ್ಡ ದೊಡ್ಡ ಮಾತು ಬಿಟ್ಟು ಒಂದು ಸಣ್ಣ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೆಲಸವೇ ಇಲ್ಲದಿರುವಾಗ ಪ್ರೊಸೆಸರ್ ಏನು ಮಾಡುತ್ತದೆ?

‘ಏನೂ ಮಾಡುವುದಿಲ್ಲ’ ಅನ್ನುತ್ತೀರಿ. ಅಲ್ಲ ಸ್ವಾಮಿ! ಸುಮ್ಮನಿರುವುದು ಪ್ರೊಸೆಸರ್‌ಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಕರೆಂಟು ಕೊಟ್ಟ ಕ್ಷಣದಿಂದ ಅದು ಒಂದು ಆಜ್ಞೆ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಲೇ ಇರುತ್ತದೆ. ‘ಇನ್ನು ಸಾಕು, ಮಲಗು’ ಎಂದು ಅದಕ್ಕೆ ಬಾಯಿಬಿಟ್ಟು ಹೇಳಬೇಕು. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಹಾಗೆ ಹೇಳುವ ಆಜ್ಞೆಯ ಹೆಸರು ಹಾಲ್ಟ್. ಒಂದೇ ಒಂದು ಬೈಟಿನ ಆಜ್ಞೆ. ಹಾಲ್ಟ್ ಅಂದ ಕೂಡಲೆ ಪ್ರೊಸೆಸರ್ ನಿಲ್ಲುತ್ತದೆ. ಇಂಟರಪ್ಟ್ ಎಂಬ ಕರೆಗಂಟೆ ಬಾರಿಸಿದಾಗ ಮತ್ತೆ ಏಳುತ್ತದೆ. ಕೀಲಿಮಣೆ ಒತ್ತಿದರೂ, ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್ ಬಂದರೂ, ಟೈಮರ್ ಮುಗಿದರೂ ಬಾರಿಸುವುದು ಇದೇ ಗಂಟೆ.

ವಿಂಡೋಸ್ 95 ಕಾಲದ ಕಂಪ್ಯೂಟರ್ ಬಳಸಿದವರಿಗೆ ಇದರ ಬಿಸಿ ಗೊತ್ತು. ಅದು ಕೆಲಸವಿಲ್ಲದಾಗಲೂ ಹಾಲ್ಟ್ ಹೇಳುತ್ತಿರಲಿಲ್ಲ. ಕೂತಲ್ಲೇ ಗಿರಗಿರ ಸುತ್ತುತ್ತಿತ್ತು, ಪ್ರೊಸೆಸರ್ ಬಿಸಿಯೇರುತ್ತಿತ್ತು. ಹಾಲ್ಟ್ ಹೇಳಿಸುವುದಕ್ಕೆಂದೇ ಜನ ಪುಟ್ಟ ಪುಟ್ಟ ತಂತ್ರಾಂಶಗಳನ್ನು ಹುಡುಕಿ ಹಾಕಿಕೊಳ್ಳುತ್ತಿದ್ದರು. ಆಗ ನಷ್ಟವೆಂದರೆ ಒಂದು ಮನೆಯ ಕರೆಂಟು, ಒಂದು ಫ್ಯಾನಿನ ಸದ್ದು, ಅಷ್ಟೆ. ಇವತ್ತು ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಹತ್ತಾರು ವರ್ಚುವಲ್ ಯಂತ್ರಗಳು ಬಾಡಿಗೆಗಿವೆ. ಅವುಗಳಲ್ಲಿ ಒಂದು ಸುಮ್ಮನಾದಾಗ ನಿಜವಾದ ಪ್ರೊಸೆಸರ್ ಯಾರ ಪಾಲಾಗಬೇಕು? ಸುಮ್ಮನಾದವನಿಗೆ ಕೆಲಸ ಬಂದಾಗ ಎಬ್ಬಿಸುವವರು ಯಾರು? ಅದರ ಖರ್ಚು ಯಾರದು? ನನ್ನ ಮಾತೆಲ್ಲ ಇದರ ಸುತ್ತ.

ವಠಾರದ ನಲ್ಲಿ

ಹಳೆಯ ಬೆಂಗಳೂರಿನ, ಮೈಸೂರಿನ ವಠಾರಗಳನ್ನು ನೆನೆಯಿರಿ. ಸಾಲಾಗಿ ಆರೆಂಟು ಮನೆ, ಅಂಗಳದಲ್ಲಿ ಒಂದೇ ನಲ್ಲಿ. ಸಂಸಾರ ಬೇರೆ ಬೇರೆ, ಆದರೆ ನೀರು ಎಲ್ಲರಿಗೂ ಅದೇ ನಲ್ಲಿಯದು. ಬಿಂದಿಗೆ ತುಂಬಿದ ಮೇಲೂ ನಲ್ಲಿ ಬಿಡದೆ ನಿಂತರೆ ಜಗಳ ಗ್ಯಾರಂಟಿ!

ವರ್ಚುವಲ್ ಯಂತ್ರಗಳ ಕತೆಯೂ ಇದೇ. ಬಾಡಿಗೆಗಿರುವ ಯಂತ್ರಕ್ಕೆ ಗೆಸ್ಟ್ ಅನ್ನುತ್ತೇವೆ, ಕಟ್ಟಡಕ್ಕೆ ಹೋಸ್ಟ್. ಗೆಸ್ಟ್ ತನಗೊಂದು ಸ್ವಂತ ಪ್ರೊಸೆಸರ್ ಇದೆ ಎಂಬಂತೆಯೇ ನಡೆಯುತ್ತದೆ. ಆ ತೋರಿಕೆಯ ಪ್ರೊಸೆಸರ್‌ಗೆ ನಮ್ಮ ಕೆಲಸದ ಮಾತಿನಲ್ಲಿ ವಿಸಿಪಿಯು ಅನ್ನುತ್ತಾರೆ. ಗೆಸ್ಟ್ ಹಾಲ್ಟ್ ಅಂದಾಗ ನಿಜವಾದ ಪ್ರೊಸೆಸರೇ ಮಲಗಿಬಿಟ್ಟರೆ ಉಳಿದ ಬಾಡಿಗೆದಾರರ ಗತಿ? ಆದ್ದರಿಂದ ವಠಾರದ ಯಜಮಾನ, ಅಂದರೆ ಹೈಪರ್‌ವೈಸರ್, ನಡುವೆ ಕೈಹಾಕುತ್ತಾನೆ. ಗೆಸ್ಟ್ ಹಾಲ್ಟ್ ಅಂದದ್ದೇ ತಡ, ಪ್ರೊಸೆಸರ್ ಗೆಸ್ಟನ್ನು ಅಲ್ಲೇ ನಿಲ್ಲಿಸಿ ಯಜಮಾನನ ಕೈಗೆ ನಲ್ಲಿಯನ್ನು ಕೊಡುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. 1974ರಲ್ಲೇ ಅಮೆರಿಕದ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಬಂಧ ಬರೆದು ನಿಯಮ ಹೇಳಿದ್ದರು: ಯಂತ್ರದ ಹಿಡಿತಕ್ಕೆ ಸಂಬಂಧಪಟ್ಟ ಪ್ರತಿಯೊಂದು ಸೂಕ್ಷ್ಮ ಆಜ್ಞೆಯೂ ಯಜಮಾನನ ಕೈಗೆ ಸಿಕ್ಕಿಬೀಳಬೇಕು. ಇಂಟೆಲ್ ವಂಶದ ಪ್ರೊಸೆಸರ್‌ಗಳು ಬಹುಕಾಲ ಈ ನಿಯಮ ಪೂರ್ತಿ ಪಾಲಿಸಲಿಲ್ಲ. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಇದಕ್ಕೆ ಬೇಕಾದ ಯಂತ್ರಾಂಶವನ್ನೇ ಒಳಗೆ ಕೂರಿಸಿದವು. ಅದರ ಬೆನ್ನಲ್ಲೇ ಇಸ್ರೇಲಿನ ಕುಮ್ರಾನೆಟ್ ಎಂಬ ಪುಟ್ಟ ಕಂಪನಿಯಲ್ಲಿದ್ದ ಆವಿ ಕಿವಿಟಿ 2006ರಲ್ಲಿ ಕೆವಿಎಂ ಬರೆದು ಹೊರಗಿಟ್ಟರು. 2007ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 2.6.20ರಲ್ಲಿ ಅದು ಸೇರಿಯೂ ಆಯಿತು. ಇವತ್ತು ಮೋಡದ ಸರ್ವರ್ ಎಂದು ಬಾಡಿಗೆಗೆ ಕೊಡುವ ಎಷ್ಟೋ ಯಂತ್ರಗಳ ಅಡಿಯಲ್ಲಿ ಇರುವುದು ಇದೇ ಕೆವಿಎಂ. ಅದನ್ನೇ ಹಿಡಿದು ಮಾತಾಡುತ್ತೇನೆ.

ಒಳಗೊಬ್ಬ, ಹೊರಗೊಬ್ಬ

ಕೆವಿಎಂ ವಠಾರದಲ್ಲಿ ಯಜಮಾನಿಕೆ ಇಬ್ಬರ ಕೈಯಲ್ಲಿದೆ. ಒಬ್ಬ ಲಿನಕ್ಸ್ ಕರ್ನೆಲ್‌ನ ಒಳಗೆ ಕೂತವನು, ಅವನೇ ಕೆವಿಎಂ. ಇನ್ನೊಬ್ಬ ಹೊರಗೆ, ಯೂಸರ್‌ಸ್ಪೇಸ್ ಎಂಬ ಸಾಮಾನ್ಯ ತಂತ್ರಾಂಶಗಳ ಬೀದಿಯಲ್ಲಿ ಇರುವವನು. ಅವನ ಹೆಸರು ಸಾಮಾನ್ಯವಾಗಿ ಕ್ಯೂಎಮು. ಗೆಸ್ಟ್‌ಗೆ ಡಿಸ್ಕ್ ಇದೆ, ನೆಟ್‌ವರ್ಕ್ ಕಾರ್ಡ್ ಇದೆ ಎಂದು ನಂಬಿಸುವ ನಾಟಕದ ಸಾಮಾನೆಲ್ಲ ಹೆಚ್ಚಾಗಿ ಇವನ ಬಳಿ.

ಒಂದೊಂದು ವಿಸಿಪಿಯುವೂ ಕ್ಯೂಎಮುವಿನ ಒಂದೊಂದು ಥ್ರೆಡ್. ಆ ಥ್ರೆಡ್ ಕರ್ನೆಲ್‌ಗೆ ‘ರನ್’ ಎಂಬ ಕರೆ ಕೊಡುತ್ತದೆ. ಕರ್ನೆಲ್ ಗೆಸ್ಟನ್ನು ನಿಜವಾದ ಪ್ರೊಸೆಸರ್ ಮೇಲೆ ಓಡಿಸುತ್ತದೆ. ಗೆಸ್ಟ್ ಏನಾದರೂ ಸೂಕ್ಷ್ಮ ಆಜ್ಞೆ ಹೇಳಿದಾಗ ಹೊರಬೀಳುತ್ತದೆ, ಜೊತೆಗೆ ಕಾರಣದ ಚೀಟಿ. ಇಂಟೆಲ್ ಪ್ರೊಸೆಸರ್ ಕರ್ನೆಲ್‌ಗೆ ಕೊಡುವ ಚೀಟಿಯಲ್ಲಿ ಹಾಲ್ಟ್‌ನ ಸಂಖ್ಯೆ 12. ಕರ್ನೆಲ್ ತಾನೇ ಸಂಭಾಳಿಸಬಹುದಾದರೆ ಸಂಭಾಳಿಸಿ ಗೆಸ್ಟನ್ನು ಮತ್ತೆ ಒಳಗೆ ಕಳಿಸುತ್ತದೆ. ತನ್ನ ಕೈಲಾಗದಿದ್ದರೆ ‘ರನ್’ ಕರೆಯನ್ನು ಮುಗಿಸಿ, ಇನ್ನೊಂದು ಚೀಟಿಯೊಂದಿಗೆ ಕ್ಯೂಎಮುವಿಗೆ ಒಪ್ಪಿಸುತ್ತದೆ. ಆ ಎರಡನೆಯ ಚೀಟಿಯಲ್ಲಿ ಹಾಲ್ಟ್‌ನ ಸಂಖ್ಯೆ 5.

ಈಗ ಅಸಲು ಪ್ರಶ್ನೆ. ಗೆಸ್ಟ್ ಹಾಲ್ಟ್ ಅಂದಿತು. ಅದನ್ನು ಮಲಗಿಸಬೇಕಾದವನು ಕರ್ನೆಲ್‌ನ ಕೆವಿಎಂ ಆಗಬೇಕೋ, ಹೊರಗಿನ ಕ್ಯೂಎಮು ಆಗಬೇಕೋ?

ಉತ್ತರ ಒಂದೇ ವಾಕ್ಯದಲ್ಲಿದೆ. ಎಬ್ಬಿಸುವ ಗಂಟೆ ಯಾರ ಕೈಯಲ್ಲಿದೆಯೋ, ನಿದ್ದೆಯ ಉಸ್ತುವಾರಿಯೂ ಅವರದೇ. ಇಂಟರಪ್ಟ್‌ಗಳನ್ನು ಹಂಚುವ ಚಿಪ್ ಇರುತ್ತದಲ್ಲ, ಅದರ ನಾಟಕವನ್ನು ಕ್ಯೂಎಮು ಆಡುತ್ತಿದ್ದರೆ, ಗಂಟೆ ಯಾವಾಗ ಬಾರಿಸುತ್ತದೆ ಎಂಬುದು ಕರ್ನೆಲ್‌ಗೆ ಗೊತ್ತೇ ಇಲ್ಲ. ಗೊತ್ತಿಲ್ಲದವನು ಎಬ್ಬಿಸುವುದು ಹೇಗೆ? ಆದ್ದರಿಂದ ಅದು 5ನೇ ನಂಬರ್ ಚೀಟಿ ಬರೆದು ಯೂಸರ್‌ಸ್ಪೇಸ್‌ಗೆ ಒಪ್ಪಿಸುತ್ತದೆ. ಕ್ಯೂಎಮು ಆ ಥ್ರೆಡ್ಡನ್ನು ತನ್ನ ಬಳಿ ಮಲಗಿಸಿ, ಗಂಟೆ ಬಂದಾಗ ಎಬ್ಬಿಸಿ, ಮತ್ತೆ ‘ರನ್’ ಅನ್ನುತ್ತದೆ. ಕೆವಿಎಂ ಮೊದಮೊದಲು ನಡೆದದ್ದು ಹೀಗೆಯೇ.

ಆದರೆ ಪ್ರತಿ ಗಂಟೆಗೂ ಕರ್ನೆಲ್‌ನಿಂದ ಹೊರಗಿನ ಬೀದಿಗೆ, ಬೀದಿಯಿಂದ ಕರ್ನೆಲ್‌ಗೆ ಓಡಾಟ! ಸೆಕೆಂಡಿಗೆ ಸಾವಿರಾರು ಸಲ ಮಲಗಿ ಏಳುವ ಗೆಸ್ಟ್‌ಗೆ ಇದು ನುಂಗಲಾರದ ತುತ್ತು. ಆದ್ದರಿಂದ ಇಂಟರಪ್ಟ್ ಚಿಪ್‌ನ ನಾಟಕವನ್ನೇ ಕರ್ನೆಲ್‌ನೊಳಗೆ ತಂದರು. ಗಂಟೆ ಒಳಗೆ ಬಂತು, ಜೊತೆಗೆ ನಿದ್ದೆಯೂ ಒಳಗೆ ಬಂತು. ಈಗ ಸಾಮಾನ್ಯ ಜೋಡಣೆಯಲ್ಲಿ ಗೆಸ್ಟ್ ಹಾಲ್ಟ್ ಅಂದರೆ ಕರ್ನೆಲ್ ಆ ವಿಸಿಪಿಯುವಿನ ಹೆಸರಿನ ಮುಂದೆ ‘ಮಲಗಿದೆ’ ಎಂದು ಗುರುತು ಹಾಕಿ, ಥ್ರೆಡ್ಡನ್ನು ಅಲ್ಲೇ ಮಲಗಿಸಿ, ಪ್ರೊಸೆಸರನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ. ಹೊರಗಿನ ಕ್ಯೂಎಮುವಿಗೆ ಸುದ್ದಿಯೇ ಹೋಗುವುದಿಲ್ಲ.

ಆಟೋ ಎಂಜಿನ್ ಆಫ್ ಮಾಡಬೇಕೋ ಬೇಡವೋ?

ಇಷ್ಟಕ್ಕೇ ಮುಗಿಯಿತೇ? ಇಲ್ಲ. ಮಲಗಿಸುವುದಕ್ಕೂ ಎಬ್ಬಿಸುವುದಕ್ಕೂ ಖರ್ಚಿದೆ.

ಆಟೋದಲ್ಲಿ ಹೋಗುತ್ತಿದ್ದೀರಿ. ಮೆಡಿಕಲ್ ಶಾಪಿನ ಮುಂದೆ ನಿಲ್ಲಿಸಿ, ‘ಒಂದು ನಿಮಿಷ ಅಣ್ಣ, ಬಂದೆ’ ಎಂದು ಇಳಿಯುತ್ತೀರಿ. ಆಟೋದವರ ಮುಂದೆ ಎರಡು ದಾರಿ. ಎಂಜಿನ್ ಚಾಲೂ ಇಟ್ಟುಕೊಂಡು ಕಾಯಬಹುದು, ನೀವು ಹತ್ತಿದ ಕೂಡಲೆ ಹೊರಡಬಹುದು. ಆದರೆ ಪೆಟ್ರೋಲ್ ಸುಡುತ್ತದೆ. ಅಥವಾ ಆಫ್ ಮಾಡಿ ಟೀ ಕುಡಿಯಲು ಹೋಗಬಹುದು. ಪೆಟ್ರೋಲ್ ಉಳಿಯುತ್ತದೆ, ಆದರೆ ನೀವು ಬಂದ ಮೇಲೆ ಅವರನ್ನು ಹುಡುಕಬೇಕು, ಗಾಡಿ ಸ್ಟಾರ್ಟ್ ಆಗಬೇಕು. ಅನುಭವಸ್ಥ ಡ್ರೈವರ್ ಮೂರನೆಯ ದಾರಿ ಹಿಡಿಯುತ್ತಾರೆ. ಸ್ವಲ್ಪ ಹೊತ್ತು ಚಾಲೂ ಇಟ್ಟು ನೋಡುತ್ತಾರೆ, ಬರಲಿಲ್ಲವೋ, ಆಫ್!

ಕೆವಿಎಂಗೆ 2015ರಲ್ಲಿ ಬಂದದ್ದು ಇದೇ ಜಾಣತನ. ಅದರ ಹೆಸರು ಹಾಲ್ಟ್ ಪೋಲಿಂಗ್. ಪೋಲಿಂಗ್ ಅಂದರೆ ಪೋಲು ಮಾಡುವುದು ಎಂದು ತಿಳಿಯಬೇಡಿ, ಆದರೆ ಎಚ್ಚರ ತಪ್ಪಿದರೆ ಪೋಲೇ! ಗೆಸ್ಟ್ ಹಾಲ್ಟ್ ಅಂದ ಕೂಡಲೆ ಕರ್ನೆಲ್ ಥ್ರೆಡ್ಡನ್ನು ಮಲಗಿಸುವುದಿಲ್ಲ. ಸ್ವಲ್ಪ ಹೊತ್ತು ನಿಂತಲ್ಲೇ ‘ಗಂಟೆ ಬಂತೇ? ಗಂಟೆ ಬಂತೇ?’ ಎಂದು ನೋಡುತ್ತಿರುತ್ತದೆ. ಬಂದರೆ ಗೆಸ್ಟ್ ತಕ್ಷಣ ಒಳಗೆ. ಬಾರದಿದ್ದರೆ ನಿದ್ದೆ.

ಎಷ್ಟು ಹೊತ್ತು ಕಾಯಬೇಕು? ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಕಟ್ಟಿಕೊಟ್ಟ ಮಿತಿ 200 ಮೈಕ್ರೊಸೆಕೆಂಡ್, ಅಂದರೆ ಒಂದು ಸೆಕೆಂಡಿನ 5,000ನೇ ಒಂದು ಭಾಗ. ಮೊದಲೇ ಅಷ್ಟು ಕಾಯುವುದಿಲ್ಲ. 10ರಿಂದ ಶುರು. ಕಾಯುವುದು ಮುಗಿದು ಮಲಗಿದ ಮೇಲೆ, ಆದರೆ ಮಿತಿಯ ಒಳಗೇ ಗಂಟೆ ಬಂತೆಂದರೆ, ‘ಅಯ್ಯೋ, ಇನ್ನು ಸ್ವಲ್ಪ ಕಾದಿದ್ದರೆ ಆಗುತ್ತಿತ್ತು’ ಎಂದು ಮುಂದಿನ ಸಲ ಎರಡರಷ್ಟು ಕಾಯುತ್ತದೆ: 20, 40, 80, 160, ಹೀಗೆ. ಗಂಟೆ ಮಿತಿಯನ್ನೂ ಮೀರಿ ತಡವಾಗಿ ಬಂತೋ, ಕಾಯುವ ಹೊತ್ತನ್ನು ಇಳಿಸುತ್ತದೆ. ಪ್ರತಿ ವಿಸಿಪಿಯುವಿಗೂ ಈ ಲೆಕ್ಕ ಬೇರೆ ಬೇರೆ. ಇನ್ನೊಂದು ಮರ್ಯಾದೆಯೂ ಇದೆ. ಅದೇ ಪ್ರೊಸೆಸರ್‌ಗಾಗಿ ಹಿಂದೆ ಇನ್ನಾರಾದರೂ ಸಾಲು ನಿಂತಿದ್ದರೆ ಕಾಯುವುದನ್ನು ಅಲ್ಲಿಗೇ ಬಿಟ್ಟು ಜಾಗ ಕೊಡುತ್ತದೆ. ಬಿಂದಿಗೆ ಹಿಡಿದು ನಿಂತವರಿದ್ದರೆ ನಲ್ಲಿ ಬಿಡಲೇಬೇಕು.

ಇಲ್ಲಿ ಒಂದು ಗುಂಡಿ ಇದೆ, ರಾತ್ರಿ ಪಾಳಿಯವರು ಕಿವಿಗೊಡಿ. ಒಂದು ಗೆಸ್ಟ್ ಪ್ರತಿ 150 ಮೈಕ್ರೊಸೆಕೆಂಡಿಗೊಮ್ಮೆ ಎದ್ದು 5 ಮೈಕ್ರೊಸೆಕೆಂಡ್ ಕೆಲಸ ಮಾಡಿ ಮತ್ತೆ ಹಾಲ್ಟ್ ಅನ್ನುತ್ತದೆ ಅಂತಿಟ್ಟುಕೊಳ್ಳಿ. ಗೆಸ್ಟ್‌ನ ಒಳಗೆ ನೋಡಿದರೆ ಕೆಲಸ ನೂರಕ್ಕೆ ಮೂರು ಚಿಲ್ಲರೆ. ಬಹುಪಾಲು ಖಾಲಿ ಕೂತ ಯಂತ್ರ! ಆದರೆ ಎರಡು ಗಂಟೆಗಳ ನಡುವಿನ ಬಿಡುವು 145 ಮೈಕ್ರೊಸೆಕೆಂಡ್, ಅಂದರೆ 200ರ ಮಿತಿಯ ಒಳಗೆ. ಕರ್ನೆಲ್ ಒಂದು ಸಲವೂ ಮಲಗದೆ ಇಡೀ ಬಿಡುವನ್ನು ಕಾಯುವುದರಲ್ಲೇ ಕಳೆಯುತ್ತದೆ. ಹೋಸ್ಟ್‌ನಿಂದ ನೋಡಿದರೆ ಆ ಪ್ರೊಸೆಸರ್ ನೂರಕ್ಕೆ ನೂರು ಬ್ಯುಸಿ! ಮಿತಿಯನ್ನು ದೊಡ್ಡದು ಮಾಡಿದಷ್ಟೂ ಈ ಗುಂಡಿಗೆ ಬೀಳುವ ಗೆಸ್ಟ್‌ಗಳು ಹೆಚ್ಚು. ಕರ್ನೆಲ್‌ನ ಸ್ವಂತ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ.

ಗೆಸ್ಟ್ ಹೇಳುವುದೂ ಸುಳ್ಳಲ್ಲ, ಹೋಸ್ಟ್ ಹೇಳುವುದೂ ಸುಳ್ಳಲ್ಲ. ‘ನಮ್ಮ ಸರ್ವರ್ ಖಾಲಿ ಇದೆ’ ಎಂದು ಒಂದು ತಂಡ, ‘ನಿಮ್ಮ ಸರ್ವರ್ ಪ್ರೊಸೆಸರ್ ತಿನ್ನುತ್ತಿದೆ’ ಎಂದು ಇನ್ನೊಂದು ತಂಡ. ಇಬ್ಬರ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಇಲ್ಲದಿದ್ದರೆ ಈ ಜಗಳ ಬಗೆಹರಿಯುವುದಿಲ್ಲ.

ಬಾಗಿಲಿಗೇ ಬಾರದ ನಿದ್ದೆ

ಹಾಗಿದ್ದರೆ ಗೆಸ್ಟೇ ಸ್ವಲ್ಪ ಕಾದು ಆಮೇಲೆ ಹಾಲ್ಟ್ ಅನ್ನಬಾರದೇ? ಅನ್ನಬಹುದು. 2019ರ ಲಿನಕ್ಸ್ 5.4ರಲ್ಲಿ ಆ ಏರ್ಪಾಡು ಬಂತು. ಗೆಸ್ಟ್ ತನ್ನೊಳಗೇ ಸ್ವಲ್ಪ ಹೊತ್ತು ಕಾಯುತ್ತದೆ. ಕೆಲಸ ಬಂದರೆ ಹೊರಬೀಳುವ ಖರ್ಚೇ ಇಲ್ಲ. ಒಬ್ಬರು ಕಾಯುವ ಜಾಗದಲ್ಲಿ ಇಬ್ಬರು ಕಾಯಬಾರದಲ್ಲ, ಅದಕ್ಕೇ ‘ನಾನು ಕಾಯುತ್ತೇನೆ, ನೀನು ಕಾಯಬೇಡ’ ಎಂದು ಹೋಸ್ಟ್‌ಗೆ ಹೇಳುವ ವ್ಯವಸ್ಥೆಯೂ ಅದರಲ್ಲಿದೆ.

ಇನ್ನೂ ಒಂದು ಹೆಜ್ಜೆ ಮುಂದಿದೆ. ಹಾಲ್ಟ್ ಅಂದಾಗ ಗೆಸ್ಟ್ ಹೊರಬೀಳಲೇಬೇಕು ಎಂಬುದು ಒಂದು ಸ್ವಿಚ್ ಅಷ್ಟೆ. ಆ ಸ್ವಿಚ್ಚನ್ನು ಆಫ್ ಮಾಡುವ ಅನುಕೂಲ 2018ರಲ್ಲಿ ಕೆವಿಎಂಗೆ ಬಂತು. ಆಗ ಗೆಸ್ಟ್ ಹಾಲ್ಟ್ ಅಂದರೆ ನಿಜವಾದ ಪ್ರೊಸೆಸರೇ ಮಲಗುತ್ತದೆ, ಗಂಟೆ ಬಂದರೆ ಗೆಸ್ಟ್‌ನೊಳಗೇ ಏಳುತ್ತದೆ. ಇದು ಇಡೀ ನಲ್ಲಿಯನ್ನೇ ಒಬ್ಬರಿಗೆ ಬರೆದುಕೊಟ್ಟಂತೆ. ಒಂದು ವಿಸಿಪಿಯುವಿಗೆ ಒಂದು ನಿಜವಾದ ಪ್ರೊಸೆಸರ್ ಮೀಸಲಿಟ್ಟವರಿಗೆ ಹೇಳಿ ಮಾಡಿಸಿದ್ದು. ಹಂಚಿಕೊಂಡು ಬದುಕುವ ವಠಾರದಲ್ಲಿ ಇದನ್ನು ಮಾಡಿದರೆ ಉಳಿದವರು ಬಾಯಾರಿ ಸಾಯಬೇಕು. ಜೊತೆಗೆ ಗೆಸ್ಟ್ ಮಲಗಿದೆಯೋ ದುಡಿಯುತ್ತಿದೆಯೋ ಹೋಸ್ಟ್‌ಗೆ ಗೊತ್ತಾಗುವುದಿಲ್ಲ. ಅದರ ಲೆಕ್ಕದಲ್ಲಿ ಸದಾ ನೂರಕ್ಕೆ ನೂರು.

ಹಾಲ್ಟ್‌ನ ಉಪಯೋಗ ಖಾಲಿ ಕೂತಾಗ ಮಾತ್ರ ಅಲ್ಲ. ಒಂದು ವಿಸಿಪಿಯು ಬೀಗವೊಂದನ್ನು ಹಿಡಿದಿರುವಾಗಲೇ ಹೋಸ್ಟ್ ಅದನ್ನು ಪ್ರೊಸೆಸರ್‌ನಿಂದ ಇಳಿಸಿತು ಅನ್ನಿ. ಆ ಬೀಗಕ್ಕಾಗಿ ಉಳಿದ ವಿಸಿಪಿಯುಗಳು ಸುಮ್ಮಸುಮ್ಮನೆ ಸುತ್ತುತ್ತವೆ. ಬೀಗ ಹಿಡಿದವನಿಗೆ ಪ್ರೊಸೆಸರ್ ಇಲ್ಲ, ಪ್ರೊಸೆಸರ್ ಹಿಡಿದವನಿಗೆ ಬೀಗ ಇಲ್ಲ! 2013ರ ಲಿನಕ್ಸ್ 3.12ರಲ್ಲಿ ಇದಕ್ಕೊಂದು ಪರಿಹಾರ ಸೇರಿತು. ಕಾಯುವವನು ಸ್ವಲ್ಪ ಸುತ್ತಿ ಆಮೇಲೆ ಹಾಲ್ಟ್ ಅನ್ನುತ್ತಾನೆ, ಬೀಗ ಬಿಟ್ಟವನು ಹೋಸ್ಟ್‌ನ ಮೂಲಕ ಅವನನ್ನು ತಟ್ಟಿ ಎಬ್ಬಿಸುತ್ತಾನೆ. ಕೆವಿಎಂನ ಈ ಕೆಲಸದ ದಾಖಲೆಯಲ್ಲಿರುವ ಹೆಸರುಗಳು ಐಬಿಎಂನ ಭಾರತದ ತಂಡದ ಶ್ರೀವತ್ಸ ವಡ್ಡಗಿರಿ ಮತ್ತು ರಾಘವೇಂದ್ರ ಕೆ.ಟಿ. ನಮ್ಮ ನಡುವಿನವರು ಬಳಸುವುದಷ್ಟೇ ಅಲ್ಲ, ಬರೆದೂ ಇದ್ದಾರೆ.

ಮಲಗುವ ಮುನ್ನ ಇನ್ನೊಮ್ಮೆ ಬಾಗಿಲು ನೋಡು

ಗೆಳೆಯರೆ, ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗಕ್ಕೆ ಈಗ ಬಂದೆ. ಮಲಗುವುದು ಸುಲಭ. ಕರೆ ತಪ್ಪದಂತೆ ಮಲಗುವುದು ಕಷ್ಟ!

ಗೆಸ್ಟ್ ನೋಡುತ್ತದೆ, ಕೆಲಸ ಇಲ್ಲ. ‘ಸರಿ, ಹಾಲ್ಟ್ ಅನ್ನೋಣ’ ಅಂದುಕೊಳ್ಳುತ್ತದೆ. ನೋಡಿದ್ದಕ್ಕೂ ಹಾಲ್ಟ್ ಅಂದದ್ದಕ್ಕೂ ನಡುವಿನ ಕೂದಲೆಳೆಯಷ್ಟು ಹೊತ್ತಿನಲ್ಲಿ ಗಂಟೆ ಬಾರಿಸಿತು. ಕೆಲಸ ಬಂದು ಬಾಗಿಲಲ್ಲಿ ಕೂತಿತು, ಗಂಟೆಯೂ ಮುಗಿಯಿತು. ಗೆಸ್ಟ್‌ಗೆ ಗೊತ್ತಿಲ್ಲ, ಹಾಲ್ಟ್ ಅಂದು ಮಲಗಿಬಿಟ್ಟಿತು. ಇನ್ನೊಂದು ಗಂಟೆ ಬಾರದಿದ್ದರೆ ಆ ಕೆಲಸ ಅಲ್ಲೇ ಕೊಳೆಯಬೇಕು.

ಇದಕ್ಕೆ ಪ್ರೊಸೆಸರ್ ಕಟ್ಟಿದವರು ಒಂದು ಉಪಾಯ ಇಟ್ಟಿದ್ದಾರೆ. ಗೆಸ್ಟ್ ಮೊದಲು ಗಂಟೆಗೆ ಕಿವಿ ಮುಚ್ಚಿಕೊಳ್ಳುತ್ತದೆ. ಕೆಲಸ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ‘ಕಿವಿ ತೆರೆ’, ‘ಹಾಲ್ಟ್’ ಎಂಬ ಎರಡು ಆಜ್ಞೆಗಳನ್ನು ಒಂದರ ಹಿಂದೆ ಒಂದು ಹೇಳುತ್ತದೆ. ಕಿವಿ ತೆರೆದ ಆಜ್ಞೆಯ ನಂತರದ ಒಂದು ಆಜ್ಞೆ ಮುಗಿಯುವವರೆಗೆ ಪ್ರೊಸೆಸರ್ ಗಂಟೆಯನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ನಡುವೆ ಬಂದ ಗಂಟೆ ಹಾಲ್ಟ್ ಆದ ಮರುಕ್ಷಣವೇ ಅದನ್ನು ಎಬ್ಬಿಸುತ್ತದೆ. ಕರೆ ತಪ್ಪುವ ಸಂದಿಯೇ ಉಳಿಯಲಿಲ್ಲ.

ಕರ್ನೆಲ್‌ನಲ್ಲೂ ಇದೇ ಗಂಡಾಂತರ. ಅಲ್ಲಿಯ ಉಪಾಯ ಬೇರೆ. ಮೊದಲು ‘ನಾನು ಮಲಗುತ್ತಿದ್ದೇನೆ’ ಎಂದು ಬೋರ್ಡು ತಗುಲಿಸು, ಆಮೇಲೆ ಇನ್ನೊಮ್ಮೆ ನೋಡು, ಆಮೇಲೆ ಮಲಗು. ನಡುವೆ ಎಬ್ಬಿಸಲು ಬಂದವರು ಬೋರ್ಡನ್ನೇ ಕಿತ್ತುಹಾಕುತ್ತಾರೆ. ಬೋರ್ಡು ಇಲ್ಲದಿದ್ದರೆ ನಿದ್ದೆಯೂ ಇಲ್ಲ.

ಮೂರನೆಯದು ಯೂಸರ್‌ಸ್ಪೇಸ್. ಕರ್ನೆಲ್‌ನೊಳಗೆ ಮಲಗಿರುವ ವಿಸಿಪಿಯು ಗಂಟೆಗಟ್ಟಲೆ ಅಲ್ಲೇ ಇರಬಹುದು. ಅಷ್ಟರಲ್ಲಿ ನೀವು ಆ ವರ್ಚುವಲ್ ಯಂತ್ರವನ್ನು ನಿಲ್ಲಿಸಬೇಕು, ಅಥವಾ ಓಡುತ್ತಿರುವಂತೆಯೇ ಇನ್ನೊಂದು ಹೋಸ್ಟ್‌ಗೆ ಸಾಗಿಸಬೇಕು. ಹಿಡಿತ ಕ್ಯೂಎಮುವಿನ ಕೈಗೆ ಬರಲೇಬೇಕು. ಕ್ಯೂಎಮು ಆ ಥ್ರೆಡ್‌ಗೆ ಒಂದು ಸಿಗ್ನಲ್ ಕಳಿಸುತ್ತದೆ. ಕರ್ನೆಲ್ ನಿದ್ದೆಯನ್ನು ಮುರಿದು ‘ನಡುವೆ ತಡೆದರು’ ಎಂಬ ಉತ್ತರದೊಂದಿಗೆ ‘ರನ್’ ಕರೆಯನ್ನು ಮುಗಿಸುತ್ತದೆ. ಚೆನ್ನಾಗಿದೆ. ಆದರೆ ಸಿಗ್ನಲ್ ಒಂದು ಕ್ಷಣ ಮೊದಲೇ ಬಂದರೆ? ಥ್ರೆಡ್ ಇನ್ನೂ ಹೊರಗಿದೆ, ‘ರನ್’ ಅನ್ನಲು ಬಾಯಿ ತೆರೆದಿದೆ. ಸಿಗ್ನಲ್ ಬಂತು, ಹೋಯಿತು. ಆಮೇಲೆ ‘ರನ್’ ಅಂದು ಒಳಗೆ ಹೋಗಿ ಮಲಗಿತು. ಎಬ್ಬಿಸಿದವನು ಹೊರಗೆ ಕಾಯುತ್ತಲೇ ಇರುತ್ತಾನೆ!

ಹಳೆಯ ಪರಿಹಾರವೆಂದರೆ ಆ ಸಿಗ್ನಲ್ಲನ್ನು ಹೊರಗೆ ತಡೆಹಿಡಿದು, ‘ರನ್’ ಒಳಗೆ ಮಾತ್ರ ಬಿಡುವುದು. ಕೆಲಸ ನಡೆಯುತ್ತಿತ್ತು, ಆದರೆ ಪ್ರತಿ ಸಲ ಒಳಹೋಗುವಾಗ ಹೊರಬರುವಾಗ ತಡೆ ತೆಗೆದು ಹಾಕುವ ಖರ್ಚು. 2017ರಲ್ಲಿ ಸರಳವಾದ ದಾರಿ ಬಂತು. ಕರ್ನೆಲ್ ಮತ್ತು ಕ್ಯೂಎಮು ಇಬ್ಬರಿಗೂ ಕಾಣುವ ಪುಟದಲ್ಲಿ ಒಂದು ಬೈಟ್, ‘ಕೂಡಲೆ ಹೊರಡು’ ಎಂಬ ಗುರುತು. ಸಿಗ್ನಲ್ ಬಂದಾಗ ಅದನ್ನು 1 ಮಾಡಿ. ‘ರನ್’ ಒಳಗೆ ಬಂದ ಕೂಡಲೆ ಕರ್ನೆಲ್ ಮೊದಲು ಆ ಬೈಟ್ ನೋಡುತ್ತದೆ. 1 ಇದ್ದರೆ ಗೆಸ್ಟನ್ನು ಮುಟ್ಟದೆ ಹಾಗೇ ವಾಪಸ್.

ಮೂರು ಕಡೆ, ಮೂರು ಉಪಾಯ. ರೋಗ ಮಾತ್ರ ಒಂದೇ. ನೀವು ನಾಳೆ ಬರೆಯುವ ಯಾವುದೇ ತಂತ್ರಾಂಶದಲ್ಲಿ, ಕ್ಯೂ ಖಾಲಿಯಾದಾಗ ಥ್ರೆಡ್ ಮಲಗಿಸುವ ಜಾಗ ಬಂದರೆ, ಇದೇ ಸಂದಿ ಅಲ್ಲೂ ಇರುತ್ತದೆ. ಹುಡುಕಿ.

ಸತ್ತವನೂ ಮಲಗಿದವನೂ ಒಂದೇ ಥರ

ಇನ್ನೊಂದು ಅಪಾಯ ಹೇಳಿಬಿಡುತ್ತೇನೆ. ಗೆಸ್ಟ್ ಗಂಟೆಗೆ ಕಿವಿ ಮುಚ್ಚಿಕೊಂಡೇ ಹಾಲ್ಟ್ ಅಂದರೆ? ಸಾಮಾನ್ಯ ಇಂಟರಪ್ಟ್ ಯಾವುದೂ ಎಬ್ಬಿಸಲಾರದು. ಆಪರೇಟಿಂಗ್ ಸಿಸ್ಟಂಗಳು ಕೈಚೆಲ್ಲಿ ನಿಲ್ಲುವಾಗ ಪ್ರೊಸೆಸರ್‌ಗಳನ್ನು ನಿಲ್ಲಿಸುವುದು ಸಾಮಾನ್ಯವಾಗಿ ಹೀಗೆಯೇ. ಅದು ನಿದ್ದೆಯಲ್ಲ, ಸಾವು. ಆದರೆ ನಿದ್ದೆ ಈಗ ಕರ್ನೆಲ್‌ನೊಳಗೆ ನಡೆಯುತ್ತದಲ್ಲ, ಹೊರಗಿನ ಕ್ಯೂಎಮುವಿಗೆ ಯಾವ ಚೀಟಿಯೂ ಬರುವುದಿಲ್ಲ. ಹೋಸ್ಟ್‌ನ ಲೆಕ್ಕದಲ್ಲಿ ಪ್ರೊಸೆಸರ್ ಬಳಕೆ ಸೊನ್ನೆ. ಎಷ್ಟು ಶಾಂತವಾದ, ಎಷ್ಟು ಒಳ್ಳೆಯ ಬಾಡಿಗೆದಾರ ಅನ್ನಿಸುತ್ತದೆ! ಒಳಗೆ ಯಾರದೋ ಆಸ್ಪತ್ರೆಯ ದಾಖಲೆ, ಯಾರದೋ ಸಂಬಳದ ಪಟ್ಟಿ ಸಿಕ್ಕಿಕೊಂಡಿರಬಹುದು.

ಆದ್ದರಿಂದ ‘ಲೋಡ್ ಕಡಿಮೆ ಇದೆ’ ಎಂಬುದು ಆರೋಗ್ಯದ ಲಕ್ಷಣವಲ್ಲ. ಗೆಸ್ಟ್ ಕುಸಿದಾಗ ಹೋಸ್ಟ್‌ಗೆ ಹೇಳುವುದಕ್ಕೆಂದೇ ಪಿವಿಪ್ಯಾನಿಕ್ ಎಂಬ ಸಾಧನ ಕ್ಯೂಎಮುವಿನಲ್ಲಿದೆ. ಇಂತಿಷ್ಟು ಹೊತ್ತಿನೊಳಗೆ ಗೆಸ್ಟ್ ‘ಇದ್ದೇನೆ’ ಅನ್ನದಿದ್ದರೆ ಅದನ್ನು ಮತ್ತೆ ಚಾಲೂ ಮಾಡುವ ವಾಚ್‌ಡಾಗ್ ಸಾಧನವೂ ಇದೆ. ಹಾಕಿಕೊಳ್ಳಿ. ಪುಕ್ಕಟೆ ಸಿಗುತ್ತದೆ.

ನಿಮ್ಮ ಕೈಯಲ್ಲಿರುವುದು

ದುಡ್ಡಿನ ಮಾತಿಗೆ ಬರೋಣ. ಅಮೆಜಾನ್ 2014ರಲ್ಲಿ ಟಿ2 ಎಂಬ ಬಾಡಿಗೆ ಯಂತ್ರಗಳನ್ನು ತಂದಿತು. ಅದರಲ್ಲಿ ಟಿ2 ಮೈಕ್ರೊ ಎಂಬುದಕ್ಕೆ ಗಂಟೆಗೆ 6 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ ಒಂದು ವಿಸಿಪಿಯುವನ್ನು ಒಂದು ನಿಮಿಷ ಪೂರ್ತಿ ದುಡಿಸುವ ಹಕ್ಕು. ಅರವತ್ತು ನಿಮಿಷಕ್ಕೆ ಆರು ನಿಮಿಷ, ಅಂದರೆ ನೂರಕ್ಕೆ ಹತ್ತು. ಸುಮ್ಮನಿದ್ದರೆ ಕ್ರೆಡಿಟ್ ಉಳಿಯುತ್ತದೆ, ಗಿರಾಕಿಗಳು ನುಗ್ಗಿದಾಗ ಖರ್ಚು ಮಾಡಬಹುದು. ಈಗ ನಿಮ್ಮ ತಂತ್ರಾಂಶ ಕೆಲಸವಿಲ್ಲದಾಗಲೂ ಮಲಗದೆ ‘ಬಂತೇ? ಬಂತೇ?’ ಎಂದು ಸುತ್ತುತ್ತಿದ್ದರೆ ಏನಾಗುತ್ತದೆ? ರಾತ್ರಿಯಿಡೀ ಕ್ರೆಡಿಟ್ ಸುಟ್ಟು, ಬೆಳಗ್ಗೆ ಗಿರಾಕಿ ಬಂದಾಗ ಯಂತ್ರ ತೆವಳುತ್ತದೆ. ವಿಂಡೋಸ್ 95ರ ಹಳೆ ಚಾಳಿ, ಈ ಸಲ ತಿಂಗಳ ಬಿಲ್ಲಿನ ಜೊತೆಗೆ!

ಹಾಗಾಗಿ ನಾಳೆ ಕೆಲಸಕ್ಕೆ ಹೋದಾಗ ಎರಡು ಕೆಲಸ ಮಾಡಿ. ಒಂದು, ನಿಮ್ಮ ಕೈಕೆಳಗಿನ ಗೆಸ್ಟ್‌ಗಳಲ್ಲಿ ರಾತ್ರಿ ಮೂರು ಗಂಟೆಗೆ ಏನೂ ಕೆಲಸವಿಲ್ಲದಾಗ ಪ್ರೊಸೆಸರ್ ಎಷ್ಟು ಹೋಗುತ್ತಿದೆ ನೋಡಿ. ಎರಡು, ಹೋಸ್ಟ್ ನಿಮ್ಮದೇ ಆಗಿದ್ದರೆ ಅದೇ ಹೊತ್ತಿನ ಹೋಸ್ಟ್ ಅಂಕಿಯನ್ನು ಪಕ್ಕದಲ್ಲಿಡಿ. ಅಂತರ ದೊಡ್ಡದಿದ್ದರೆ ಹಾಲ್ಟ್ ಪೋಲಿಂಗ್‌ನ ಅಂಕಿಅಂಶ ತೆಗೆಯಿರಿ. ಎಷ್ಟು ಸಲ ಕಾಯಲಾಯಿತು, ಎಷ್ಟು ಸಲ ಕಾದದ್ದು ಫಲಿಸಿತು ಎಂಬುದನ್ನು ಕರ್ನೆಲ್ ಎಣಿಸಿ ಇಟ್ಟಿರುತ್ತದೆ. ಯಾರೋ ಹೇಳಿದರು ಎಂದು ಮಿತಿಯನ್ನು ಸೊನ್ನೆ ಮಾಡಬೇಡಿ. ನಿಮ್ಮ ಡೇಟಾಬೇಸ್‌ನ ಉತ್ತರ ತಡವಾದೀತು. ಅಳೆಯಿರಿ, ಬದಲಿಸಿ, ಮತ್ತೆ ಅಳೆಯಿರಿ.

ಕೊನೆಗೆ ಒಂದು ಪ್ರಯೋಗ. ಹಿತ್ತಲ ಗಿಡ ಮದ್ದಲ್ಲ ಅನ್ನಬೇಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಕೆವಿಎಂ ಬಹುಪಾಲು ಆಗಲೇ ಅಲ್ಲಿದೆ. ಸಿ ಭಾಷೆಯಲ್ಲಿ ಒಂದೆರಡು ನೂರು ಸಾಲು ಬರೆದರೆ ನಿಮ್ಮದೇ ಪುಟ್ಟ ಕ್ಯೂಎಮು ಸಿದ್ಧ. ಗೆಸ್ಟ್‌ನ ನೆನಪಿಗೆ ಒಂದೇ ಒಂದು ಬೈಟ್ ಹಾಕಿ, ಎಫ್4. ಅದೇ ಹಾಲ್ಟ್. ವಿಸಿಪಿಯುವಿಗೆ ಅದನ್ನೇ ಮೊದಲ ಆಜ್ಞೆಯಾಗಿ ತೋರಿಸಿ ‘ರನ್’ ಅನ್ನಿ. ತಕ್ಷಣ ಕರೆ ವಾಪಸ್ ಬರುತ್ತದೆ, ಚೀಟಿಯಲ್ಲಿ 5. ಈಗ ವಿಸಿಪಿಯು ಕಟ್ಟುವ ಮೊದಲು ಒಂದು ಸಾಲು ಸೇರಿಸಿ, ಇಂಟರಪ್ಟ್ ಚಿಪ್ಪನ್ನು ಕರ್ನೆಲ್‌ನೊಳಗೆ ಕಟ್ಟು ಎಂದು. ಮತ್ತೆ ‘ರನ್’ ಅನ್ನಿ. ಈ ಸಲ ಕರೆ ವಾಪಸ್ ಬರುವುದಿಲ್ಲ. ಕಂಟ್ರೋಲ್ ಸಿ ಒತ್ತುವವರೆಗೆ ಬರುವುದೇ ಇಲ್ಲ. ಬೈಟ್ ಅದೇ, ಗಂಟೆ ಮಾತ್ರ ಕೈ ಬದಲಿಸಿದೆ.

ಮಾಡಿ ನೋಡಿ. ಬರದಿದ್ದರೆ ಮುಂದಿನ ಕೂಟಕ್ಕೆ ಲ್ಯಾಪ್‌ಟಾಪ್ ತನ್ನಿ, ಕೂತು ಬರೆಯೋಣ.